ಕೌದಿಯ ಹೊಟ್ಟೆಗೆ ಹೇಳಿದ ಮಾತು

ಹುಟ್ಟುವ ಮೊದಲೇ ನಾನು ಊರಿನ ಅರ್ಧ ಜನರ ಮೈಮೇಲೆ ಓಡಾಡಿದವಳು. ನಗಬೇಡಿ, ಕೌದಿಗಳ ಹಣೆಬರಹವೇ ಹಾಗೆ. ನನ್ನ ಒಂದು ತುಂಡು ಸಾವಕಾರರ ಮನೆಯ ಹೆಣ್ಣುಮಗಳು ಉಟ್ಟು ಹರಿದು ಬಿಸಾಡಿದ ಕೆಂಪು ಸೀರೆ. ಇನ್ನೊಂದು ತುಂಡು ಬಾವ್ತೀಸನ ಲುಂಗಿ. ಅವನು ಮರ ಕಡಿಯಲು ಹೋಗಿ ಅದೇ ಮರದ ಕೆಳಗೆ ಸಿಕ್ಕು ಸತ್ತವನು. ಶಾಲೆ ಬಿಟ್ಟ ಹುಡುಗಿಯ ನೀಲಿ ಲಂಗ, ಇಗರ್ಜಿಯ ಕಿಟಕಿಯಿಂದ ಇಳಿದ ಪರದೆ, ಪಕ್ಕದ ಮನೆ ಮದಾರಬಿಯ ಹಸಿರು ಓಢಣಿ, ಎಲ್ಲ ಸೇರಿ ನಾನು.

ನನ್ನನ್ನು ಹೊಲಿದವಳು ಕೈತಾನಿ, ಬಾವ್ತೀಸನ ಹೆಂಡತಿ. ಹಳಿಯಾಳದಾಚೆ ತೇಗದ ಕಾಡಿನ ಅಂಚಿಗೆ ಇರುವ ಸಿದ್ದಿಯರ ಕೇರಿ ಅವಳದು. ಸಿದ್ದಿಯರು ಯಾರು ಅಂತ ನಿಮಗೆ ಗೊತ್ತಿರಬಹುದು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು, ಗೋವೆಯ ಬಂದರಿನಲ್ಲಿ ಇಳಿಸಿ ಮಾರಿದ ಜನ. ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು. ಮೈಬಣ್ಣ, ಗುಂಗುರು ಕೂದಲು ಆ ಕಡೆಯದು. ಮಾತು ಈ ಕಡೆಯದು. ಮನೆಯೊಳಗೆ ಕೊಂಕಣಿ, ಅಂಗಳದಲ್ಲಿ ಕನ್ನಡ.

ಸಿದ್ದಿ ಹೆಂಗಸರು ಕೌದಿ ಹೊಲಿಯುವ ರೀತಿಯೇ ಬೇರೆ. ಅಂಚಿನಿಂದ ಸೂಜಿ ಹಿಡಿದು ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಸಿ ಮಡಿಸಿ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಅನ್ನುತ್ತಾರೆ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ಖಾಲಿ ಇರಬಾರದು ಅಂತ ಅದರೊಳಗೆ ಚಿಟಿಕೆ ಅಕ್ಕಿ ಹಾಕಿ ಹೊಲಿಗೆ ಮುಚ್ಚುತ್ತಾರೆ. ಮುಚ್ಚುವಾಗ ಕೈತಾನಿಯ ಕೇರಿಯ ಹೆಂಗಸರು ಒಂದು ಮಾತು ಹೇಳುತ್ತಿದ್ದರು. ಸೂಜಿ ಹಿಡಿದವಳು ಬಗ್ಗಿ, ಕೂಸಿನ ಕಿವಿಗೆ ಹೆಸರು ಹೇಳಿದ ಹಾಗೆ, ಕೌದಿಯ ಹೊಟ್ಟೆಗೆ ಬಾಯಿ ಹಚ್ಚಿ ಹೇಳಬೇಕು. ಸುತ್ತ ಕುಳಿತವರು ಜೊತೆಗೂಡಬೇಕು.

"ಅಂದಾ ದೀಪ್ರೆಸಾ ಪ್ರೇತಾ."

ನಾನು ಕಿವಿ ಬಿಟ್ಟು ಕೇಳಿದ ಮೊದಲ ಮಾತು ಅದು. ನನ್ನ ಹೆಸರೇ ಅದು ಅಂದುಕೊಂಡೆ.

"ಹಂಗಂದ್ರ ಏನವಾ?" ಅಂತ ಕೈತಾನಿಯ ಮಗಳು ದುಲ್ಸಿನ್ ಕೇಳಿದಳು. ಆಗ ಅವಳು ಮದುವೆಗೆ ಬಂದ ಹುಡುಗಿ. ಅವಳ ಮದುವೆಗೆಂದೇ ನನ್ನನ್ನು ಹೊಲಿದದ್ದು.

"ಪ್ರೇತಾ ಅಂದ್ರ ನಮ್ಮ ಹಿರೇರು. ಸತ್ತವರು. ದೀಪಾ ಹಿಡಕೊಂಡ ಬರ್ರಿ, ಚಂದಾಗಿ ಬರ್ರಿ ಅಂತ ಕರಿಯೂದು. ನಮ್ಮವ್ವ ಹೇಳ್ತಿದ್ಳು, ಆಕಿಗೆ ಆಕಿ ಅವ್ವ. ಹಡಗದಾಗಿಂದ ಇಳದ ಬಂದ ಮಾತಬೇ ಇದು. ಉಳದದ್ದೆಲ್ಲಾ ನೀರಪಾಲಾತು."

"ಹಡಗಿನ್ಯಾಗ ದೀಪಾ ಹಚ್ಚಿ ಕೊಡ್ತಿದ್ರೇನ ನಿಮ್ಮಜ್ಜೀಗೆ?" ಅಂತ ಮದಾರಬಿ ಮೂತಿ ತಿರುವಿದಳು. ಮದಾರಬಿಯೂ ಸಿದ್ದಿಯೇ, ಮುಸಲ್ಮಾನರ ಮನೆಯವಳು. ಕೈತಾನಿಗಿಂತ ತುಸು ಚಿಕ್ಕವಳು, ನಾಲಗೆ ಮಾತ್ರ ತುಸು ಉದ್ದ. ಆದರೆ ಮಾತು ಹೇಳುವಾಗ ಅವಳ ದನಿಯೇ ಎಲ್ಲರಿಗಿಂತ ಮೇಲೆ.

ದುಲ್ಸಿನ್‌ಳ ಮದುವೆ ಬಹಳ ಕಾಲ ಬಾಳಲಿಲ್ಲ. ಗಂಡ ಕುಡಿದು ಹೊಡೆಯುತ್ತಿದ್ದ. ಒಂದು ದಿನ ಅವಳು ನನ್ನನ್ನು ಸುತ್ತಿ ತಲೆಯ ಮೇಲೆ ಹೊತ್ತು ತವರಿಗೆ ಬಂದುಬಿಟ್ಟಳು. ಕೈತಾನಿ ಒಂದು ಚೊಂಬು ನೀರು ಕೊಟ್ಟಳು. ನನ್ನನ್ನು ಬಿಚ್ಚಿ, ಜಗಲಿಯ ಮೇಲೆ ಕೊಡವಿ, ಬಿಸಿಲಿಗೆ ಹಾಕಿದಳು. ನನ್ನ ಮೇಲೆ ರಕ್ತದ ಕಲೆ ಇತ್ತು. ಅದಕ್ಕೆ ಬೂದಿ ಹಚ್ಚಿ ತಿಕ್ಕಿದಳು.

ಆಮೇಲೆ ದುಲ್ಸಿನ್ ಹಳಿಯಾಳಕ್ಕೆ ಕೆಲಸಕ್ಕೆ ಹೋಗಿ ಬರತೊಡಗಿದಳು. ಒಂದು ಸಂಜೆ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದನಂತೆ, "ಮೇಡಂ, ಯಾವ ದೇಶ? ಪಾಸ್‌ಪೋರ್ಟ್ ಐತಿ?"

"ತಮ್ಮಾ, ನಿಮ್ಮಪ್ಪ ಈ ರಸ್ತಾ ನೋಡೂ ಮೊದಲ ನಮ್ಮಜ್ಜ ಇದಕ್ಕ ಕಲ್ಲ ಒಡದಾನ. ಟಿಕೀಟ ಹರಿ, ಸುಮ್ಮನ."

ಬಸ್ಸೆಲ್ಲ ನಕ್ಕಿತಂತೆ. ಅವಳೂ ನಕ್ಕಳಂತೆ. ಮನೆಗೆ ಬಂದು ಇದನ್ನೆಲ್ಲ ತಾಯಿಗೆ ನಗುತ್ತಲೇ ಹೇಳಿದಳು. ಹೇಳಿ ಮುಗಿಸಿ ನನ್ನೊಳಗೆ ಮುಖ ಹುದುಗಿಸಿ ಅತ್ತಳು.

ಕೈತಾನಿ ಒಲೆಯ ಮುಂದಿನಿಂದ ಏಳದೆ ಹೇಳಿದಳು, "ಅವಾ ಕೇಳಿದ್ದ ತಪ್ಪೇನೈತಿ? ಯಾವ ದೇಶ, ಯಾವ ಊರು. ನನಗೂ ಬೇಕಾಗೇತಿ. ಎಲ್ಲಾರ ಮನ್ಯಾಗೂ ಒಂದ ಮೂಲ ಊರ ಹೆಸರ ಇರತೈತಿ. ದೇವರ ಮುಂದ ಹೇಳಾಕ, ಸತ್ತಾಗ ನೆನಿಯಾಕ. ನಮಗ ಇಲ್ಲ. ಒಂದ ಮಾತ ಉಳದೈತಿ ನೋಡ. ಆ ಮಾತ ಎಲ್ಲಿ ಮಂದೀಗೆ ತಿಳೀತೈತೋ ಅದ ನಮ್ಮೂರು. ನಾ ಸಾಯೂದ್ರೊಳಗ ಆ ಊರ ಹೆಸರ ನನ್ನ ಕಿವೀಗೆ ಬಿದ್ರ ಸಾಕವಾ."

ದುಲ್ಸಿನ್ ಅಳು ನಿಲ್ಲಿಸಿದಳು. ತಾಯಿ ಒಂದು ಬೇಡಿಕೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ಅವಳು ಅಲ್ಲಿಯತನಕ ಕೇಳಿರಲಿಲ್ಲ.

ಅವಳು ಕೇರಿಯ ಹೆಂಗಸರನ್ನು ಕೂಡಿಸಿ ಸಂಘ ಕಟ್ಟಿದಳು. ಕಾಡಿನ ಹಕ್ಕಿಗೆ ಕಚೇರಿಗಳ ಮುಂದೆ ಕುಳಿತಳು. ಕೌದಿಗಳನ್ನು ಹೊತ್ತು ಧಾರವಾಡಕ್ಕೆ, ಬೆಳಗಾವಿಗೆ ಹೋದಳು. ಮಾತಿನಲ್ಲಿ ಗಟ್ಟಿ, ನಗಿಸುವುದರಲ್ಲಿ ಇನ್ನೂ ಗಟ್ಟಿ. ಅವಳ ಹೆಸರು ಹಬ್ಬಿತು. ಧಾರವಾಡದ ಒಂದು ಸಭೆಗೆ ಅವಳನ್ನು ವೇದಿಕೆಗೆ ಕರೆದರು. ಅವಳು ನನ್ನನ್ನು ಹೆಗಲಿಗೆ ಹೊದ್ದು ಹೋದಳು. ಮೊದಲ ಸಲ ನಾನು ಅಷ್ಟು ಜನರನ್ನು ಎತ್ತರದಿಂದ ನೋಡಿದ್ದು. ಕೌದಿಗೆ ಯಾವಾಗಲೂ ಕೆಳಗಿನ ನೋಟ, ಗೊತ್ತಲ್ಲ.

ಸಭೆ ನಡೆಸುತ್ತಿದ್ದ ಮೇಷ್ಟ್ರು ಬಹಳ ಮರ್ಯಾದೆಯಿಂದಲೇ ಕೇಳಿದರು, "ತಾಯಿ, ಕನ್ನಡ ಆಮೇಲಾಗಲಿ. ಮೊದಲು ನಿಮ್ಮದೇ ಆಫ್ರಿಕಾದ ಭಾಷೆಯಲ್ಲಿ ಒಂದು ಮಾತು ಹೇಳಿ."

ದುಲ್ಸಿನ್‌ಳ ಹೆಗಲು ಬಿಗಿದದ್ದು ನನಗೆ ಗೊತ್ತಾಯಿತು. ಅವಳಿಗೆ ಯಾವ ಭಾಷೆ? ಇರುವುದು ಕೊಂಕಣಿ, ಕನ್ನಡ, ಸ್ವಲ್ಪ ಮರಾಠಿ. ಇಲ್ಲ ಅಂದರೆ ಇಷ್ಟು ಜನರ ಮುಂದೆ ಬರಿಗೈ. ನನ್ನ ನಡುಭಾಗವನ್ನು ಹಿಡಿದುಕೊಂಡಳು. ಬಾಯಿ ತಾನೇ ತೆರೆಯಿತು.

"ಅಂದಾ ದೀಪ್ರೆಸಾ ಪ್ರೇತಾ!"

ಸಭೆ ಚಪ್ಪಾಳೆಯಿಂದ ತುಂಬಿತು. ಅರ್ಥ ಕೇಳಿದರು. ದೀಪ ಹಿಡಿದು ಬನ್ನಿ ಹಿರಿಯರೇ, ಅಂದಳು. ಮತ್ತೆ ಚಪ್ಪಾಳೆ. ಅಂದಿನಿಂದ ಅವಳು ಎಲ್ಲಿ ಮಾತಾಡಿದರೂ ಮೊದಲು ಅದು.

ಧಾರವಾಡ ಆಯಿತು, ದೆಹಲಿ ಆಯಿತು. ಆಮೇಲೆ ಸಮುದ್ರ ದಾಟಿದೆವು. ಹಡಗಿನಲ್ಲಲ್ಲ, ವಿಮಾನದಲ್ಲಿ. ಜಿನೀವಾದಲ್ಲಿ ನನ್ನನ್ನು ಬಿಳಿಯ ಗೋಡೆಗೆ ತೂಗುಹಾಕಿದರು. ಗೋಡೆ ಅಷ್ಟು ಚೊಕ್ಕಟವಾಗಿತ್ತು, ನನಗೇ ನಾಚಿಕೆಯಾಯಿತು. ದುಲ್ಸಿನ್ ನನ್ನ ಪಕ್ಕಕ್ಕೆ ನಿಂತು ಕಲಿತ ಇಂಗ್ಲಿಷಿನಲ್ಲಿ ಹೇಳಿದಳು: "ನೀವು ಜಗತ್ತನ್ನು ನಡುವಿನಿಂದ ನೋಡುತ್ತೀರಿ. ನಿಮ್ಮ ಊರೇ ನಡು, ಆಫ್ರಿಕಾ ಅಂಚು. ಹಸಿವು, ಜಗಳ, ಆನೆ, ಸಿಂಹ, ಇಷ್ಟೇ ನಿಮಗೆ ಕಾಣುವುದು. ನಾವು ಅಂಚಿನಿಂದ ಹೊಲಿಯುವವರು. ಒಮ್ಮೆ ನಮ್ಮ ಕಡೆಯಿಂದ ಸುತ್ತಿ ನೋಡಿ. ನ್ಯಾಯ ಹೇಗೆ ಕೂಡಿಸಬೇಕು, ಹಾಡು ಹೇಗೆ ಹಂಚಿಕೊಳ್ಳಬೇಕು, ಸತ್ತವರ ಜೊತೆ ಹೇಗೆ ಬಾಳಬೇಕು, ನಮ್ಮಲ್ಲಿ ಇದೆ. ಭಿಕ್ಷೆ ಕೇಳಲು ಬಂದಿಲ್ಲ, ಕೊಡಲು ಬಂದಿದ್ದೇನೆ."

ಆಫ್ರಿಕಾದಿಂದ ಚದುರಿಹೋದ ಜನರೆಲ್ಲ ಸೇರಿ ಕಟ್ಟಿಕೊಂಡ ಒಂದು ಮಹಾಸಭೆ ಇತ್ತು. ಅವಳನ್ನು ಅದರ ಅಧ್ಯಕ್ಷೆ ಮಾಡಿದರು. ಅವಳು ಹೋದಲ್ಲೆಲ್ಲ ಆ ಮೂರು ಶಬ್ದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ದೊಡ್ಡ ಬಟ್ಟೆ ಕಟ್ಟುತ್ತಿದ್ದರು. ಅಂಗಿಯ ಎದೆಯ ಮೇಲೆ ಮುದ್ರಿಸಿಕೊಂಡ ಹುಡುಗ ಹುಡುಗಿಯರು ಎದ್ದುನಿಂತು ಕೈಯೆತ್ತಿ ಕೂಗುತ್ತಿದ್ದರು. ಒಬ್ಬ ಬಿಳಿಯ ಹೆಂಗಸು ಕಣ್ಣೀರು ಹಾಕಿ ನನ್ನನ್ನು ಮ್ಯೂಸಿಯಮ್ಮಿಗೆ ಕೇಳಿದಳು. ದುಲ್ಸಿನ್ "ಅಕ್ಕಾ, ಇದು ಇನ್ನೂ ನನ್ನ ಚಳಿ ಕಾಯಬೇಕು" ಅಂದು ನಕ್ಕಳು.

ಪ್ರತಿ ಊರಿನಿಂದಲೂ ಮನೆಗೆ ಫೋನು ಮಾಡುವಳು. ಆ ಕಡೆ ಕೈತಾನಿಯದು ಒಂದೇ ಪ್ರಶ್ನೆ.

"ಮಾತ ತಿಳೀತೇನ?"

"ಇಲ್ಲವಾ. ಇಲ್ಲಿಯವರು ಬ್ಯಾರೆ."

"ಇರಲಿ ಬಿಡ. ಉಂಡೇನು?"

ನೈರೋಬಿಗೆ ಹೋದಾಗ ದುಲ್ಸಿನ್‌ಗೆ ಬಹಳ ಆಸೆ ಇತ್ತು. ಮೊದಲ ಸಲ ಆಫ್ರಿಕಾದ ನೆಲ. ವಿಮಾನದಿಂದ ಇಳಿದಾಗ ಅವಳು ನನ್ನನ್ನು ಎದೆಗೆ ಅವಚಿಕೊಂಡಿದ್ದಳು. ಎದೆ ಬಡಿದುಕೊಳ್ಳುವುದು ನನ್ನ ಪದರ ಪದರಕ್ಕೂ ಕೇಳಿಸುತ್ತಿತ್ತು. ಅಲ್ಲಿ ಯಾರೂ ಅವಳನ್ನು ಯಾವ ದೇಶ ಅಂತ ಕೇಳಲಿಲ್ಲ. ಅಂಗಡಿಯವರು ತಮ್ಮ ಭಾಷೆಯಲ್ಲೇ ಮಾತಾಡಿಸಿದರು. ಅವಳಿಗೆ ಉತ್ತರ ಕೊಡಲು ಬರಲಿಲ್ಲ. ಮಾತನ್ನು ಕಂಡಕಂಡವರ ಮುಂದೆ ಹೇಳಿ ನೋಡಿದಳು. ಚಂದ ಇದೆ, ಆದರೆ ನಮ್ಮದಲ್ಲ ಅಂದರು. ದಕ್ಷಿಣಕ್ಕೆ ಹೋಗಿ ಕೇಳು ಅಂತ ಒಬ್ಬರು ಹೇಳಿದರು.

ಹಾಗೆ ಮಹಾಸಭೆ ಮೊಜಾಂಬಿಕ್‌ನಲ್ಲಿ ಕೂಡಿತು. ಗೋವೆಗೆ ಬಂದ ಹಡಗುಗಳು ಬಹಳಷ್ಟು ಹೊರಟದ್ದು ಆ ತೀರದಿಂದಲೇ. ಹೊರಡುವ ಮುಂಚೆ ಕೈತಾನಿ ಹಾಸಿಗೆ ಹಿಡಿದಿದ್ದಳು. ಕಾಲು ಬಾತಿತ್ತು, ಉಸಿರು ಮೇಲೆ ಮೇಲೆ. "ನಾ ಹೋಗಂಗಿಲ್ಲವಾ" ಅಂದಳು ದುಲ್ಸಿನ್.

"ಹೋಗ್ತಿ. ಹೋಗದಿದ್ರ ನಾ ಸಾಯೂದ ಯಾವ ಊರಿನವಳಾಗಿ? ಹೋಗ, ಹೆಸರ ತಾ. ನೀ ಬರೂತನಕ ಇರತೀನಿ."

ಸಮುದ್ರದ ಕಡೆ ಕಿಟಕಿಗಳಿದ್ದ ದೊಡ್ಡ ಸಭಾಂಗಣ. ಅದೇ ದೊಡ್ಡ ಬಟ್ಟೆ, ಅದೇ ಅಕ್ಷರ. ಆ ವಿಚಿತ್ರ ಕಾಗುಣಿತ ಓದಿದ ಅಲ್ಲಿಯ ಜನಕ್ಕೆ ಅದು ಏನೂ ಅನ್ನಿಸಿರಲಿಲ್ಲ, ದೂರದ ಯಾವುದೋ ನುಡಿ ಅಂದುಕೊಂಡಿದ್ದರು. ದುಲ್ಸಿನ್ ನನ್ನನ್ನು ಹೆಗಲಿನಿಂದ ಇಳಿಬಿಟ್ಟುಕೊಂಡು ಮೈಕಿನ ಮುಂದೆ ನಿಂತಳು. ಕೈಯೆತ್ತಿದಳು. ಎಲ್ಲ ಊರಿನಲ್ಲಿ ಕೂಗಿದ್ದಕ್ಕಿಂತ ಜೋರಾಗಿ, ತಾಯಿಗೆ ಕೇಳಿಸಬೇಕು ಅನ್ನುವ ಹಾಗೆ ಕೂಗಿದಳು.

ಯಾರೂ ತಿರುಗಿ ಕೂಗಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಯಾರೋ ಅವನನ್ನು ಗದರಿಸಿದರು. ನೀರಿನ ತಟ್ಟೆ ಹಿಡಿದು ಬರುತ್ತಿದ್ದ ಹೆಂಗಸೊಬ್ಬಳು ನಡುದಾರಿಯಲ್ಲಿ ನಿಂತುಬಿಟ್ಟಳು. ಮುಂದಿನ ಸಾಲಿನ ಮುದುಕರು ತಲೆ ಕೆಳಗೆ ಹಾಕಿದರು. ದುಲ್ಸಿನ್‌ಗೆ ಏನೂ ತಿಳಿಯಲಿಲ್ಲ. ಇವರಿಗೆ ಮಾತು ಗೊತ್ತಿದೆ ಅನ್ನುವುದು ಮಾತ್ರ ತಿಳಿಯಿತು. ಆ ಖುಷಿಯಲ್ಲೇ ಅವಳು ಅಂದಿನ ಭಾಷಣ ಮಾಡಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಮಾತಾಡಿರಲಿಲ್ಲ.

ಮುಗಿದ ಮೇಲೆ ಒಬ್ಬ ಮುದುಕಿ ಕೋಲೂರಿ ವೇದಿಕೆಯ ಹತ್ತಿರ ಬಂದಳು. ಹೆಸರು ಅಲ್ಜೀರಾ. ಹಾಡಿನ ಮೇಳದ ಜೊತೆ ಬೆಟ್ಟದ ಸೀಮೆಯಿಂದ ಬಂದವಳು. ಮಾತು ದಾಟಿಸಲು ಜುಲ್ಮಿರಾ ಎಂಬ ಹುಡುಗಿ ಇದ್ದಳು. ಮುಂಬಯಿಯಲ್ಲಿ ಓದುವಾಗ ಹಿಂದಿ ಕಲಿತವಳು, ದುಲ್ಸಿನ್‌ಗೂ ಓಡಾಟದಲ್ಲಿ ಹಿಂದಿ ಬಂದಿತ್ತು. ಮುದುಕಿ ನನ್ನ ಒಂದು ಮೂಲೆಯ ಹೂವನ್ನು ಬೆರಳಲ್ಲಿ ಮುಟ್ಟಿದಳು.

"ಆ ಮಾತು ನಿನಗೆ ಯಾರು ಕಲಿಸಿದರು ಅಂತ ಕೇಳ್ತಿದ್ದಾರೆ" ಅಂದಳು ಜುಲ್ಮಿರಾ.

"ನಮ್ಮವ್ವ. ಅವಳಿಗೆ ಅವಳ ಅವ್ವ. ಹೇಳಿ, ಇದು ಇವರ ಭಾಷೆಯೇ? ಯಾವ ಊರಿನದು? ನನ್ನ ತಾಯಿ ಕಾಯ್ತಿದ್ದಾಳೆ."

ಜುಲ್ಮಿರಾ ಅದನ್ನು ದಾಟಿಸಲಿಲ್ಲ. ಅವಳ ಕಣ್ಣು ತುಂಬಿತ್ತು. ಮುದುಕಿ ಅವಳ ತೋಳು ತಟ್ಟಿ, ಹೇಳು ಅನ್ನುವ ಹಾಗೆ ತಲೆಯಾಡಿಸಿದಳು.

"ಅಲ್ಜೀರಾ ಅಜ್ಜಿ ಸಣ್ಣವರಿದ್ದಾಗ ಬಿಳಿಯರ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದರಂತೆ. ಹಿಂದೆ ಮೇಸ್ತ್ರಿ ಕೋಲು ಹಿಡಿದು ಬರುತ್ತಿದ್ದನಂತೆ. ಅವನು ಇದನ್ನೇ ಹೇಳುತ್ತಿದ್ದನಂತೆ. ದಿನವೆಲ್ಲ ಇದನ್ನೇ." ಜುಲ್ಮಿರಾ ನೆಲ ನೋಡುತ್ತ ಒಂದೊಂದಾಗಿ ಬಿಡಿಸಿದಳು. "ಇದು ನಮ್ಮನ್ನೂ ನಿಮ್ಮ ಗೋವೆಯನ್ನೂ ಆಳಿದ ಪೋರ್ಚುಗೀಸರ ಭಾಷೆ, ಅಕ್ಕಾ. ಅಂದಾ ಅಂದರೆ ನಡೆ. ದೀಪ್ರೆಸಾ ಅಂದರೆ ಬೇಗ. ಪ್ರೇತಾ ಅಂದರೆ... ಕರಿಯವಳು."

ಬೇಗ ನಡೆಯೇ, ಕರಿಯವಳೇ.

ದುಲ್ಸಿನ್ ನಿಂತೇ ಇದ್ದಳು. "ಇಲ್ಲ. ಅವರಿಗಿಂತ ಹಳೆಯ ಭಾಷೆಯಲ್ಲಿ ಬೇರೆ ಅರ್ಥ ಇರಬೇಕು, ಕೇಳು" ಅಂದಳು. ಜುಲ್ಮಿರಾ ಕೇಳಿದಳು. ಮುದುಕಿ ಇಲ್ಲವೆಂದು ತಲೆಯಾಡಿಸಿದಳು. "ಇನ್ನೊಮ್ಮೆ ಕೇಳು." ಮುದುಕಿ ದುಲ್ಸಿನ್‌ಳ ಕೆನ್ನೆಗೆ ಅಂಗೈ ಇಟ್ಟಳು.

ಕೌದಿಗೆ ಅಳಲು ಬರುವುದಿಲ್ಲ. ಆದರೆ ಆ ಹೊತ್ತು ನನ್ನ ನೂಲು ನೂಲೂ ಹಿಂದಕ್ಕೆ ಹೋಯಿತು. ಗೋವೆಯ ಯಾವುದೋ ಮನೆಯ ಹಿಂದಿನ ಜಗಲಿ. ಒಬ್ಬಳು ಸರಪಳಿಯ ಗಾಯದ ಕಾಲು ಮಡಚಿ ಕುಳಿತು ಚಿಂದಿ ಜೋಡಿಸುತ್ತಿದ್ದಾಳೆ. ಕತ್ತಲಾಗುವ ಮೊದಲು ಒಂದಿಷ್ಟು ಉಳಿದ ನಡುಭಾಗ ಮುಚ್ಚಬೇಕು, ತನ್ನ ಕೂಸಿಗೆ ಹೊದಿಸಬೇಕು. ಒಳಗಿನಿಂದ ಯಜಮಾನಿ ಕೂಗುತ್ತಾಳೆ: ಬೇಗ ನಡೆಯೇ, ಕರಿಯವಳೇ. ತೊಡೆಯ ಪಕ್ಕದ ಕೂಸು ಕೇಳಿಸಿಕೊಳ್ಳುತ್ತದೆ. ಹೊಲಿಗೆ ಮುಗಿಯುವಾಗೆಲ್ಲ ಅದೇ ಕೂಗು. ಕೂಸಿಗೆ ಅದೂ ಹೊಲಿಗೆಯ ಒಂದು ಭಾಗ. ಸೂಜಿ, ದಾರ, ಅಕ್ಕಿ, ಮಾತು. ದೊಡ್ಡವಳಾಗಿ ತನ್ನ ಮಗಳಿಗೆ ಕಲಿಸುತ್ತಾಳೆ. ಆ ಮಗಳು ಘಟ್ಟ ಹತ್ತಿದ ಮೇಲೆ, ಇಲ್ಲಿಯ ಜನ ಸತ್ತವರಿಗೆ ಪ್ರೇತ ಅನ್ನುವುದನ್ನು ಕೇಳುತ್ತಾಳೆ. ಓಹೋ, ನಮ್ಮವ್ವ ಕರೆಯುತ್ತಿದ್ದದ್ದು ಇವರನ್ನೇ ಅಂದುಕೊಳ್ಳುತ್ತಾಳೆ. ನಾನು ಕಂಡವಳಲ್ಲ, ಹೀಗೇ ಆಗಿರಬೇಕು ಅನ್ನಿಸಿತು.

ದುಲ್ಸಿನ್ ಕೊನೆಗೆ ಹೇಳಿದಳು, "ನಾನು ತಾಯಿಗೆ ಊರಿನ ಹೆಸರು ಒಯ್ಯಬೇಕಿತ್ತು."

ಅದನ್ನು ಕೇಳಿ ಅಲ್ಜೀರಾ ಕೋಲನ್ನು ವೇದಿಕೆಗೆ ಒರಗಿಸಿ ಅವಳ ಎರಡೂ ಕೈ ಹಿಡಿದಳು. ಆಮೇಲೆ ಹೇಳಿದಳು, "ನಮ್ಮ ಸೀಮೆಯಲ್ಲಿ ಒಂದು ಬೆಟ್ಟ ಇದೆ. ನಮೂಲಿ. ಮನುಷ್ಯರೆಲ್ಲ ಆ ಬೆಟ್ಟದಿಂದಲೇ ಇಳಿದು ಬಂದವರು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಎಲ್ಲರೂ ಅಂದಮೇಲೆ ನೀವೂ. ಆ ಹೆಸರು ಒಯ್ಯಿ. ನಾನು ಕೊಟ್ಟೆ ಅಂತ ಹೇಳು."

ನಾವು ಮನೆ ಮುಟ್ಟಿದಾಗ ಕೈತಾನಿ ಗೋಡೆಗೆ ಒರಗಿ ಕುಳಿತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮದಾರಬಿ ಬೆನ್ನು ನೀವುತ್ತಿದ್ದಳು.

"ಬಂದಳವಾ ನಿನ್ನ ಮಗಳು. ಇನ್ನ ಸಾಯಾಕಿದ್ರ ಸಾಯಿ, ನನ್ನ ಕೈ ಸೋತಾವು" ಅಂದಳು ಮದಾರಬಿ. ಅವಳ ಕಣ್ಣು ಕೆಂಪಾಗಿತ್ತು.

ದುಲ್ಸಿನ್ ನನ್ನನ್ನು ತಾಯಿಯ ಕಾಲಿನ ಮೇಲೆ ಹೊದಿಸಿದಳು. ಕೈತಾನಿ ಮಗಳ ಮುಖವನ್ನೇ ನೋಡಿದಳು.

"ತಿಳೀತೇನ ಅವರಿಗೆ?"

ದಾರಿಯುದ್ದಕ್ಕೂ ದುಲ್ಸಿನ್ ಏನು ಯೋಚಿಸಿಕೊಂಡು ಬಂದಿದ್ದಳೋ ನಾನು ಅರಿಯೆ. ವಿಮಾನದಲ್ಲಿ ನನ್ನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಳಿತಿದ್ದಳು ಅಷ್ಟೇ.

"ತಿಳೀತವಾ. ಬಾಯಿ ತಗದ ಕೂಡ್ಲೇ ತಿಳೀತು. ಇಡೀ ಸಭಾಕ್ಕ ತಿಳೀತು."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಕೈತಾನಿಯ ಎದೆಯಿಂದ ಒಂದು ದನಿ ಬಂತು. ನಗುವೋ ಅಳುವೋ. "ಏನಂದ್ರು?"

"ಒಬ್ಬಾಕಿ ಮುದುಕಿ ಬಂದು ನನ್ನ ಗಲ್ಲಾ ಹಿಡದ್ಳು. ನಿನ್ನಂಗ ಇದ್ಳು."

"ಊರ ಹೆಸರ?"

"ನಮೂಲಿ."

ಕೈತಾನಿ ಕೈಯನ್ನು ಕಿವಿಗೆ ಹಿಡಿದಳು. "ಏನಂದಿ? ನಮ್ಮೂಲಿ?" ಅವಳ ಮುಖದಲ್ಲಿ ಬೆಳಕಾಯಿತು. "ಕೇಳಿದೇನ ಮದಾರಬೀ? ನಮ್ಮ ಮೂಲಿ, ನಮ್ಮ ಜಾಗಾ! ಊರಿಗೆ ಹೆಸರ ನೋಡ ಎಂಥಾದ ಇಟ್ಟಾರ. ಎಲ್ಲಿಗೆ ಹೋದ್ರೂ ತಿರುಗಿ ಬರ್ರಿ, ಇದ ನಿಮ್ಮ ಮೂಲಿ ಅಂತ!"

"ಹೌದಲ್ಲ!" ಅಂದಳು ಮದಾರಬಿ. "ಕನ್ನಡದಾಗ ಇಟ್ಟಾರಲ್ಲೇ!"

"ಅವರ ಮಾತ ನಮ್ಮ ಬಾಯಾಗ ಐತಿ ಅಂದಮ್ಯಾಲ ನಮ್ಮ ಮಾತ ಅವರ ಬಾಯಾಗ ಇರಬಾರದೇನ?"

ದುಲ್ಸಿನ್ ಹೊಸ್ತಿಲ ಕಡೆ ಮುಖ ತಿರುಗಿಸಿದಳು. ನಾನು ನೋಡಿದೆ. ಹಳೆಯ ತಪ್ಪು ಹೇಗೆ ಹುಟ್ಟಿತ್ತೋ ಹಾಗೆಯೇ, ಅವಳ ಕಣ್ಣ ಮುಂದೆ, ಅವಳ ತಾಯಿಯ ಬಾಯಿಂದ, ಹೊಸದೊಂದು ಹುಟ್ಟುತ್ತಿತ್ತು. ತಡೆಯಲು ಒಂದೇ ಮಾತು ಸಾಕಿತ್ತು. ಅವಳು ತಡೆಯಲಿಲ್ಲ.

ಕೈತಾನಿ ನೋಡಲು ಬಂದವರಿಗೆಲ್ಲ ಹೇಳಿದಳು. ಉಸಿರು ಸಾಲದಿದ್ದರೂ ಹೇಳಿದಳು. ಪಾದ್ರಿಗಳಿಗೆ ಹೇಳಿದಳು, ಸೂಜಿ ಚುಚ್ಚಲು ಬಂದ ನರ್ಸಿಗೆ ಹೇಳಿದಳು. ಕೊನೆಯ ದಿನ ನನ್ನ ನಡುಭಾಗವನ್ನು ಮುಷ್ಟಿಯಲ್ಲಿ ಹಿಡಿದು ಆ ಮೂರು ಶಬ್ದ ಹೇಳಿದಳು, ಹಿರಿಯರನ್ನು ಕರೆದಳು. ಯಾರು ಬಂದರೋ. ದುಲ್ಸಿನ್ ತಾಯಿಯ ಬಾಯಿಗೆ ತನ್ನ ಕಿವಿ ಹಚ್ಚಿ ಕುಳಿತಿದ್ದಳು. ತಾಯಿಯ ಕೊನೆಯ ಉಸಿರಿನ ಜೊತೆ ಅವಳ ಕಿವಿಗೆ ಬಿದ್ದದ್ದು ಮೇಸ್ತ್ರಿಯ ಕೂಗು.

ತಾಯಿಯನ್ನು ಮಣ್ಣಿಗಿಟ್ಟು ಬಂದ ಮೇಲೆ, ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿದ ಮೇಲೆ, ದುಲ್ಸಿನ್ ಕೇರಿಯ ಹೆಂಗಸರನ್ನು ಜಗಲಿಗೆ ಕರೆದಳು. ನನ್ನನ್ನೇ ಹಾಸಿ ಕೂರಿಸಿದಳು. ಜಗತ್ತಿಗೆ ಹೇಳುವ ಮೊದಲು ಮನೆಯವರಿಗೆ ಹೇಳಬೇಕು ಅಂತ ಅವಳ ಮನಸ್ಸು. ಅಡ್ಡಮಾತಿಲ್ಲದೆ ಎಲ್ಲವನ್ನೂ ಹೇಳಿದಳು.

ಮೊದಲು ಯಾರೂ ನಂಬಲಿಲ್ಲ. "ಆ ಮುದುಕಿ ಕಿವಿ ಮಂದ ಇರಬೇಕ" ಅಂದರು. "ಕರೇ ಹೆಣ್ಣ ಅಂದ್ರ ಏನ ತಪ್ಪಾತು, ನಾವೇನ ಬೆಳ್ಳಗದೇವೇನ?" ಅಂತ ಒಬ್ಬಳು ನಗಿಸಲು ನೋಡಿದಳು. ಒಂದಿಬ್ಬರು ನಕ್ಕರು. ಆ ನಗು ನಡುವೆಯೇ ನಿಂತಿತು. ಒಬ್ಬೊಬ್ಬರಾಗಿ ಮಾತನ್ನು ಬಾಯೊಳಗೆ ತಿರುಗಿಸಿ ನೋಡುತ್ತಿದ್ದರು. ಹೆತ್ತ ಕೂಸಿನ ಕೌದಿಗೆ ಹೇಳಿದ್ದೇವಲ್ಲ, ಸತ್ತ ತಾಯಿಯನ್ನು ಕರೆದಿದ್ದೇವಲ್ಲ. ಅವರ ತುಟಿ ಅಲುಗುವುದು ನನಗೆ ಕೆಳಗಿನಿಂದ ಕಾಣುತ್ತಿತ್ತು.

"ಹಂಗಾರ ನಮ್ಮೂಲಿನೂ ಸುಳ್ಳನ?" ಅಂತ ಯಾರೋ ಕೇಳಿದರು.

"ಸುಳ್ಳಲ್ಲ. ಕೊಟ್ಟಿದ್ದು."

ಮದಾರಬಿ ಗೋಡೆ ಹಿಡಿದು ಎದ್ದಳು. ಅವಳಿಗೂ ವಯಸ್ಸಾಗಿತ್ತು.

"ದುಲ್ಸೀ, ನಿಮ್ಮವ್ವ ಸಾಯೂತನಕ ಸುಮ್ಮನಿದ್ದಿ. ನಾವೂ ಸಾಯೂತನಕ ಸುಮ್ಮನಿರಬಾರದಿತ್ತೇನ? ನಾ ಏನ ಪಾಪ ಮಾಡಿದ್ನೆ ನಿನಗ?"

ಜಗತ್ತಿನ ಸಭೆಗಳಲ್ಲಿ ಯಾರ ಪ್ರಶ್ನೆಗೂ ತಡವರಿಸದವಳು ನನ್ನ ಮೇಲಿನ ಒಂದು ದಾರದ ತುದಿಯನ್ನು ಎಳೆಯುತ್ತ ಕುಳಿತಳು.

ಮಹಾಸಭೆಗೂ ಹೇಳಿದಳು. ಜಿನೀವಾದ ಅದೇ ವೇದಿಕೆಯಲ್ಲಿ ನಿಂತು, ಆ ಬಟ್ಟೆ ಇಳಿಸಿ ಅಂದಳು, ಕಾರಣ ಹೇಳಿದಳು. ಆಮೇಲೆ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಎಷ್ಟು ಧೈರ್ಯ, ಎಂಥ ಸತ್ಯ ಅಂತ ಕಣ್ಣೊರೆಸಿಕೊಂಡರು. ದುಲ್ಸಿನ್‌ಗೆ ಅದನ್ನು ಮಾತ್ರ ತಡೆಯಲಾಗಲಿಲ್ಲ. ಅವಳ ಕೇರಿಯ ಹೆಂಗಸರ ಬಾಯಿ ಕಟ್ಟಿಹೋಗಿತ್ತು, ಇಲ್ಲಿ ಅದಕ್ಕೆ ಚಪ್ಪಾಳೆ. ಅವಳು ನನ್ನನ್ನು ಮಡಚಿಕೊಂಡು ವೇದಿಕೆ ಇಳಿದಳು. ಅಧ್ಯಕ್ಷತೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಆಫ್ರಿಕಾದ ಬಗ್ಗೆ ಅವಳು ಹೇಳಿದ ಉಳಿದ ಮಾತೊಂದೂ ಸುಳ್ಳಾಗಿರ‍ಲಿಲ್ಲ, ಅದನ್ನು ಈಗ ಬೇರೆಯವರು ಹೇಳುತ್ತಿದ್ದಾರೆ, ಚೆನ್ನಾಗಿಯೇ ಹೇಳುತ್ತಾರಂತೆ.

ನನಗೀಗ ವಯಸ್ಸಾಯಿತು. ಸಾವಕಾರರ ಕೆಂಪು ಬಿಳುಚಿತು, ಬಾವ್ತೀಸನ ಲುಂಗಿ ಜಾಳಾಯಿತು. ದುಲ್ಸಿನ್‌ಳ ಮಂಚದ ಮೂಲೆಯಲ್ಲಿ ಇರುತ್ತೇನೆ. ಅವಳ ಕೂದಲೂ ನೆರೆಯಿತು. ಹೊಸ ಕೌದಿಗಳು ಈಗಲೂ ಆಗುತ್ತವೆ. ಮೊನ್ನೆ ಮದಾರಬಿಯ ಮೊಮ್ಮಗಳಿಗೆ ಒಂದು ಹೊಲಿದರು. ದುಲ್ಸಿನ್‌ಳನ್ನು ಕರೆದರು, ಅವಳು ನನ್ನನ್ನು ಹೊದ್ದುಕೊಂಡು ಹೋದಳು. ಹೂವು ಕೂರಿಸಿದ್ದಾಗಿತ್ತು, ಅಕ್ಕಿ ಹಾಕಿದ್ದಾಗಿತ್ತು. ಸೂಜಿ ಹಿಡಿದವಳು ಅಭ್ಯಾಸದಂತೆ ಬಗ್ಗಿದಳು. ಹೊಟ್ಟೆಗೆ ಬಾಯಿ ಹಚ್ಚಿದಳು. ಸುತ್ತ ಕುಳಿತವರೂ ಉಸಿರು ತೆಗೆದುಕೊಂಡರು.

ಯಾರೂ ಏನೂ ಹೇಳಲಿಲ್ಲ. ಬಗ್ಗಿದವಳು ಹಾಗೆಯೇ ಸ್ವಲ್ಪ ಹೊತ್ತು ಇದ್ದು, ತಲೆಯೆತ್ತಿ, ದಾರ ಕಡಿದು ಗಂಟು ಹಾಕಿದಳು.

ಅರ್ಥ ತಿಳಿಯದ ಮಾತಿನಲ್ಲಿ ಇಷ್ಟು ಜನ ಇಷ್ಟು ಕಾಲ ಬೆಚ್ಚಗೆ ಮಲಗಿದ್ದರು. ಅರ್ಥ ತಿಳಿದವಳು ಒಬ್ಬಳೇ ಚಳಿಯಲ್ಲಿ ಇರಲಾರದೆ ಎಲ್ಲರನ್ನೂ ಎಬ್ಬಿಸಿದಳು. ಅವಳದು ತಪ್ಪು ಅನ್ನಲಾರೆ, ಸರಿ ಅನ್ನಲೂ ಬಾಯಿ ಬರುವುದಿಲ್ಲ. ನನಗಾದರೋ, ಬೈಗುಳವೇ ಇರಲಿ, ಕಿವಿಗೆ ಬಿದ್ದ ಒಂದು ಹೆಸರಿದೆ. ಆ ಹೊಸ ಕೌದಿ ಜಗಲಿಯ ಮೇಲೆ ಬಿಸಿಲಿಗೆ ಬಿದ್ದಿತ್ತು, ನಾಲ್ಕು ಮೂಲೆಗೂ ಹೂವು ಇಟ್ಟುಕೊಂಡು, ಯಾರಾದರೂ ಏನಾದರೂ ಅಂದಾರು ಅಂತ ಕಾಯುತ್ತ.